ಏರಿದ್ದಕ್ಕೆ ಅಂಕವಿಲ್ಲ

2000ದಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯಕ್ಕೆ ಒಂದು ವಿಚಿತ್ರ ವ್ಯಾಜ್ಯ ಬಂತು. ದಾವೆ ಹೂಡಿದವರು ರಾಕೆಟ್ ಹಾರಿಸುವ ಹವ್ಯಾಸಿಗಳ ಎರಡು ಸಂಘಗಳು: ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಮತ್ತು ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್. ಎದುರಿಗಿದ್ದದ್ದು ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳ ಉಸ್ತುವಾರಿ ನೋಡುವ ಸರ್ಕಾರಿ ಇಲಾಖೆ. ಜಗಳದ ತಿರುಳು ಇಷ್ಟೇ: ಈ ಹವ್ಯಾಸಿಗಳು ಬಳಸುವ ಇಂಧನ ಸಿಡಿಯುತ್ತದೆಯೋ, ಉರಿಯುತ್ತದೆಯೋ? ಸಿಡಿಯುವುದಾದರೆ ಅದು ಸ್ಫೋಟಕ. ಕೊಳ್ಳಲು ಪರವಾನಗಿ, ಇಡಲು ಪ್ರತ್ಯೇಕ ಉಗ್ರಾಣ, ಮೇಲೆ ತಪಾಸಣೆ. ಉರಿಯುವುದಾದರೆ ಅಷ್ಟೆಲ್ಲ ಬೇಕಿಲ್ಲ. ಇದನ್ನು ತೀರ್ಮಾನಿಸಲು ಒಂಬತ್ತು ವರ್ಷ ಹಿಡಿಯಿತು. ಈ ಇಂಧನವನ್ನು ಸ್ಫೋಟಕಗಳ ಪಟ್ಟಿಯಲ್ಲಿ ಇಟ್ಟದ್ದಕ್ಕೆ ಇಲಾಖೆ ಕೊಟ್ಟ ಸಮರ್ಥನೆ ನಿಲ್ಲುವುದಿಲ್ಲ ಎಂದು 2009ರ ಮಾರ್ಚ್‌ನಲ್ಲಿ ನ್ಯಾಯಾಧೀಶ ರೆಜ್ಜಿ ವಾಲ್ಟನ್ ತೀರ್ಪಿತ್ತರು.

ಇಂಧನದ ಉದ್ದನೆಯ ಹೆಸರು ಅಮೋನಿಯಂ ಪರ್‌ಕ್ಲೋರೇಟ್ ಕಾಂಪೋಸಿಟ್ ಪ್ರೊಪೆಲಂಟ್. ಆಮ್ಲಜನಕ ಒದಗಿಸಲು ಪರ್‌ಕ್ಲೋರೇಟ್ ಹರಳು, ಶಾಖ ಹೆಚ್ಚಿಸಲು ಲೋಹದ ಪುಡಿ, ಎರಡನ್ನೂ ಹಿಡಿದಿಡಲು ಕೃತಕ ರಬ್ಬರು. ಗಟ್ಟಿಯಾದ ಮೇಲೆ ಮುಟ್ಟಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗಿರುತ್ತದೆ. ಅಮೆರಿಕದ ಸ್ಪೇಸ್ ಷಟಲ್‌ನ ಎರಡು ಬಿಳಿ ಬೂಸ್ಟರುಗಳಲ್ಲಿ ಇದ್ದದ್ದು ಇದೇ ಕುಲದ ಇಂಧನ. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಯುವುದೂ ಇದರ ದಾಯಾದಿಯೇ. ಬಯಲಿನಲ್ಲಿಟ್ಟು ಬೆಂಕಿ ತಾಗಿಸಿದರೆ ಸಾವಧಾನವಾಗಿ ಉರಿಯುತ್ತದೆ. ಕೊಳವೆಯೊಳಗೆ ಕೂಡಿಹಾಕಿ ಒತ್ತಡ ಏರಿಸಿದಾಗಲೇ ಅದರ ಆವೇಶ ಕಾಣುವುದು.

ಆಟಕ್ಕಾಗಿ ಇಂಥದ್ದನ್ನು ಉರಿಸುವವರು ಯಾರು, ಅವರು ಯಾಕೆ ಕೋರ್ಟಿನವರೆಗೆ ಹೋದರು ಎಂದು ತಿಳಿಯಲು ಒಂದು ಚಪ್ಪಲಿ ಅಂಗಡಿಗೆ ಹೋಗಬೇಕು.

ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಪಟ್ಟಣದಲ್ಲಿ ಆರ್ವಿಲ್ ಕಾರ್ಲೈಲ್ ಎಂಬಾತ ಬೂಟು-ಚಪ್ಪಲಿ ಮಾರುತ್ತಿದ್ದ. ಬಾಣಬಿರುಸು ಅವನ ಹುಚ್ಚು. ಅಣ್ಣತಮ್ಮಂದಿರು ಸೇರಿ 1954ರಲ್ಲಿ ರಟ್ಟಿನ ಕೊಳವೆ, ಹಗುರ ಮರದ ರೆಕ್ಕೆಗಳಿಂದ ಪುಟ್ಟ ರಾಕೆಟ್ ಕಟ್ಟಿದರು. ಅದರ ಹೊಸತನವಿದ್ದದ್ದು ಎರಡು ಕಡೆ. ಮೋಟರು ಒಮ್ಮೆ ಬಳಸಿ ಎಸೆದು ಹೊಸದು ಹಾಕುವಂಥದ್ದು. ಮತ್ತು ಮೋಟರಿನ ಕೊನೆಯ ಚಿಟಿಕೆ ಮದ್ದು ಸಿಡಿದು ಪ್ಯಾರಾಚೂಟನ್ನು ಹೊರಕ್ಕೆ ದೂಡುತ್ತಿತ್ತು. ಮೂರು ವರ್ಷದ ನಂತರ ಸ್ಪುಟ್ನಿಕ್ ಹಾರಿತು. ಅಮೆರಿಕದ ಹುಡುಗರಿಗೆಲ್ಲ ರಾಕೆಟ್ ಹುಚ್ಚು ಹಿಡಿಯಿತು. ಕಬ್ಬಿಣದ ಪೈಪಿಗೆ ಸತುವಿನ ಪುಡಿ, ಗಂಧಕ, ಬೆಂಕಿಕಡ್ಡಿಯ ತಲೆ ತುಂಬಿ ನೆಲಮಾಳಿಗೆಯಲ್ಲಿ ಪ್ರಯೋಗ ನಡೆಸಿ ಬೆರಳು, ಕಣ್ಣು ಕಳೆದುಕೊಂಡವರು ಸುಮಾರು ಜನ. ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ಕ್ಷೇತ್ರದಲ್ಲಿ ದುಡಿದಿದ್ದ ಜಿ. ಹ್ಯಾರಿ ಸ್ಟೈನ್ ಈ ಅಪಾಯದ ಬಗ್ಗೆ ಸ್ಪುಟ್ನಿಕ್‌ಗೂ ಮುಂಚೆಯೇ ಪತ್ರಿಕೆಗೆ ಬರೆದಿದ್ದ. ಓದಿದ ಕಾರ್ಲೈಲ್ ತನ್ನ ರಾಕೆಟ್‌ಗಳನ್ನು ಅವನಿಗೇ ಕಳಿಸಿಕೊಟ್ಟ. ಸ್ಟೈನ್ ಸುರಕ್ಷತೆಯ ನಿಯಮಗಳನ್ನು ಬರೆದ, 1957ರಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಸಂಘ ಕಟ್ಟಿದ. ಕೊಲರಾಡೊದ ವರ್ನ್ ಎಸ್ಟೆಸ್ ಮೋಟರ್ ತಯಾರಿಸುವ ಯಂತ್ರವೊಂದನ್ನು ಮಾಡಿ ಅದಕ್ಕೆ ಮೇಬಲ್ ಎಂದು ಹೆಸರಿಟ್ಟ. ಐದೂವರೆ ಸೆಕೆಂಡಿಗೊಂದು ಮೋಟರ್ ಅದರಿಂದ ಹೊರಬರುತ್ತಿತ್ತು. ಮದ್ದು ಅರೆಯುವ ಕೆಲಸ ಹುಡುಗರ ಕೈತಪ್ಪಿದ್ದೇ ಈ ಹವ್ಯಾಸಕ್ಕೆ ಆಯಸ್ಸು ಕೊಟ್ಟಿತು ಎಂಬುದು ನನ್ನ ಅನಿಸಿಕೆ.

ನಿಯಮಗಳಲ್ಲಿ ಒಂದು ಕನ್ನಡಿಗರ ಕಿವಿ ನೆಟ್ಟಗಾಗುವಂಥದ್ದು: ರಾಕೆಟ್‌ನ ಮೈ ಕಾಗದ, ಮರ, ಪ್ಲಾಸ್ಟಿಕ್, ಫೈಬರ್‌ಗ್ಲಾಸ್‌ನಿಂದ ಆಗಬೇಕು, ಲೋಹ ಅನಿವಾರ್ಯವಾದ ಕಡೆ ಮಾತ್ರ, ಅದೂ ಚೂರಾಗಿ ಸಿಡಿಯದ ಮೆದು ಲೋಹ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳ ಹೆಗ್ಗಳಿಕೆಯೇ ಇದಕ್ಕೆ ತದ್ವಿರುದ್ಧ. ಬೇರೆಯವರು ಕಾಗದದ ಸುರುಳಿಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿ ಕಬ್ಬಿಣದ ಕೊಳವೆ ಬಳಸಿದರು. ಒಳಗಿನ ಒತ್ತಡ ಹೆಚ್ಚು ತಡೆಯುತ್ತಿತ್ತು, ರಾಕೆಟ್ ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಅದರ ರುಚಿ ಕಂಡಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿದ ಮಾದರಿಗಳು ವಿಲಿಯಂ ಕಾಂಗ್ರೀವ್‌ನ ರಾಕೆಟ್‌ಗೆ ದಾರಿ ಮಾಡಿದವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರ ಹೂಳೆತ್ತುವಾಗ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು 2018ರಲ್ಲಿ ಸಿಕ್ಕವು. ಅವು ಶತ್ರುವಿನ ಮೇಲೆ ಬೀಳಲೆಂದೇ ಮಾಡಿದವು. ಹವ್ಯಾಸಿಯ ರಾಕೆಟ್ ಯಾರ ಮೇಲೂ ಬೀಳಕೂಡದು. ಲೋಹದ ವಿಷಯದಲ್ಲಿ ಎರಡೂ ಕಡೆಯವರು ಬೇರೆಬೇರೆ ತೀರ್ಮಾನಕ್ಕೆ ಬಂದದ್ದು ಅದಕ್ಕೇ.

ಈಗ ಕಿಟ್ ಬಿಚ್ಚೋಣ. ಮೋಟರುಗಳಿಗೆ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೇ ಅಳತೆ. ಎ ವರ್ಗದ ಮೋಟರ್ ಕೊಡುವ ಒಟ್ಟು ನೂಕು ಹೆಚ್ಚೆಂದರೆ 2.5 ನ್ಯೂಟನ್-ಸೆಕೆಂಡ್. ಮುಂದಿನ ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿ: ಬಿ 5, ಸಿ 10, ಹಾಗೇ ಜಿ 160, ಎಚ್ 320. ಮಕ್ಕಳ ಆಟಿಕೆಯ ಎ ಮೋಟರಿಗೂ ಎಚ್‌ಗೂ ನಡುವೆ ಇರುವುದು ಏಳೇ ಮೆಟ್ಟಿಲು, ಆದರೆ ಶಕ್ತಿಯ ಮಿತಿಯಲ್ಲಿ 128 ಪಟ್ಟು ಅಂತರ. ಜಿ ದಾಟಿದರೆ ಹೈ ಪವರ್. ಅಲ್ಲಿಂದಾಚೆ ಮೋಟರ್ ಕೊಳ್ಳಲು ಸಂಘದ ಪ್ರಮಾಣಪತ್ರ ಬೇಕು: ಮೊದಲ ಹಂತಕ್ಕೆ ಎಚ್, ಐ, ಎರಡನೆಯದಕ್ಕೆ ಜೆ, ಕೆ, ಎಲ್, ಮೂರನೆಯದಕ್ಕೆ ಎಂ ಮತ್ತು ಮೇಲಿನವು.

ಮೊದಲ ಹಂತದ ಪರೀಕ್ಷೆಗೆ ಕೂರುವವರು ಹೆಚ್ಚಾಗಿ ಆರಿಸುವುದು ನಾಲ್ಕು ಅಂಗುಲ ವ್ಯಾಸದ, ದಪ್ಪ ರಟ್ಟಿನ ಮೈಯ ಕಿಟ್. ಪೆಟ್ಟಿಗೆಯೊಳಗೆ ಮೈಕೊಳವೆ, ಪ್ಲಾಸ್ಟಿಕ್ಕಿನ ಮೂಗು, ಪ್ಲೈವುಡ್ ರೆಕ್ಕೆಗಳು, ಮೋಟರ್ ಕೂರಿಸುವ ಸಣ್ಣ ಕೊಳವೆ, ಅದನ್ನು ದೊಡ್ಡ ಕೊಳವೆಯ ನಟ್ಟನಡುವೆ ಹಿಡಿದಿಡುವ ಪ್ಲೈವುಡ್ ಬಳೆಗಳು, ಮೂಗನ್ನೂ ಮೈಯನ್ನೂ ಬೆಸೆಯುವ ಹಗ್ಗ, ನೈಲಾನ್ ಪ್ಯಾರಾಚೂಟ್. ಎಲ್ಲ ನೆಲದ ಮೇಲೆ ಹರಡಿದರೆ ಇದೇನು ರಾಕೆಟ್, ಬಡಗಿಯ ಸಾಮಾನು ಎನಿಸಿದರೆ ತಪ್ಪಲ್ಲ. ಮುಕ್ಕಾಲು ಪಾಲು ಕೆಲಸ ಬಡಗಿಯದೇ.

ಅದರಲ್ಲೂ ರೆಕ್ಕೆ ಕೂರಿಸುವ ಕೆಲಸಕ್ಕೆ ತಾಳ್ಮೆ ಬೇಕು. ಸಣ್ಣ ರಾಕೆಟ್‌ನಲ್ಲಿ ರೆಕ್ಕೆಯನ್ನು ಮೈಗೆ ಅಂಟಿಸಿದರೆ ಮುಗಿಯಿತು. ಹೈ ಪವರ್‌ನಲ್ಲಿ ಅದು ಸಾಲದು. ಮೈಕೊಳವೆಯಲ್ಲಿ ಉದ್ದುದ್ದ ಸೀಳು ಇರುತ್ತದೆ. ರೆಕ್ಕೆಯ ಬುಡದ ನಾಲಿಗೆ ಅದರೊಳಗೆ ತೂರಿ ಒಳಗಿನ ಮೋಟರ್ ಕೊಳವೆಯನ್ನೇ ಮುಟ್ಟಿ ನಿಲ್ಲಬೇಕು. ಒಳಗೆ ಎಪಾಕ್ಸಿ, ಹೊರಗೆ ಎಪಾಕ್ಸಿ. ರೆಕ್ಕೆಯೂ ಮೈಯೂ ಸೇರುವ ಮೂಲೆಗುಂಟ ಅಂಟನ್ನು ಬಾಗಿದ ಏಣಿನಂತೆ ತೀಡುತ್ತಾರೆ. ಅದರ ಹೆಸರು ಫಿಲೆಟ್. ಅದಕ್ಕೆ ಮುಂಚೆ ಕೊಳವೆಯ ಮೇಲಿನ ಹೊಳಪು ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಲೇಬೇಕು. ಉಜ್ಜದೆ ಅಂಟಿಸಿದರೆ ಎಪಾಕ್ಸಿ ಹಿಡಿಯುವುದು ಹೊಳಪನ್ನು, ರಟ್ಟನ್ನಲ್ಲ. ಹೊರನೋಟಕ್ಕೆ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ. ಹೊಸಬರು ಬಣ್ಣಕ್ಕೆ ವಾರಗಟ್ಟಲೆ ಕೊಟ್ಟು ಈ ಉಜ್ಜುವಿಕೆಗೆ ಹತ್ತು ನಿಮಿಷವೂ ಕೊಡುವುದಿಲ್ಲ ಎಂಬುದು ಹಳಬರ ಗೊಣಗಾಟ. ಗೊಣಗಾಟದಲ್ಲಿ ಹುರುಳಿದೆ.

ರಾಕೆಟ್ ಯಾಕೆ ನೇರ ಹೋಗುತ್ತದೆ? ದೀಪಾವಳಿಯ ರಾಕೆಟ್‌ಗೆ ಉದ್ದನೆಯ ಕಡ್ಡಿ ಇರುತ್ತದಲ್ಲ, ಅದನ್ನು ಮುರಿದು ಹಚ್ಚಿದವರಿಗೆ ಉತ್ತರ ಗೊತ್ತು: ಅದು ಮನೆಯ ಒಳಗೂ ನುಗ್ಗಬಹುದು. ಮೈಸೂರು ರಾಕೆಟ್‌ಗೆ ಕಟ್ಟಿದ ಬಿದಿರಿನ ಕೆಲಸವೂ ಆ ಕಡ್ಡಿಯದೇ. ತತ್ವ ಇಷ್ಟು. ರಾಕೆಟ್‌ನ ತೂಕವೆಲ್ಲ ಒಂದು ಬಿಂದುವಿನಲ್ಲಿ ನಿಂತಿದೆ ಎನ್ನಬಹುದಾದ ಜಾಗ ಒಂದು, ಗಾಳಿಯ ಒತ್ತು ಬಿದ್ದಂತಾಗುವ ಜಾಗ ಇನ್ನೊಂದು. ಮೊದಲನೆಯದನ್ನು ಸಿಜಿ, ಎರಡನೆಯದನ್ನು ಸಿಪಿ ಎನ್ನುತ್ತಾರೆ. ಸಿಜಿ ಮುಂದೆ, ಸಿಪಿ ಹಿಂದೆ ಇರಬೇಕು. ನಡುವಿನ ಅಂತರ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು. ಆಗ ಮೂತಿ ಓರೆಯಾದರೂ ಗಾಳಿಯೇ ಬಾಲ ಹಿಡಿದು ಸರಿಮಾಡುತ್ತದೆ. ರೆಕ್ಕೆಗಳು ಇರುವುದು ಸಿಪಿಯನ್ನು ಹಿಂದಕ್ಕೆ ಎಳೆಯಲು. ಸಿಜಿಯನ್ನು ಬೆರಳ ಮೇಲೆ ತೂಗಿ ಕಂಡುಕೊಳ್ಳಬಹುದು, ಸಿಪಿಯನ್ನು ಲೆಕ್ಕ ಹಾಕಬೇಕು. ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೊಮನ್ 1966ರಲ್ಲಿ ಹವ್ಯಾಸಿಗಳ ಮುಂದೆ ಇಟ್ಟ ಸಮೀಕರಣಗಳೇ ಇವತ್ತಿಗೂ ಅದಕ್ಕೆ ಆಧಾರ.

ಅಂತರ ಹೆಚ್ಚಿದಷ್ಟೂ ಒಳ್ಳೆಯದು ಎಂದು ಮೂಗಿನೊಳಗೆ ಸೀಸ ತುಂಬುವವರೂ ಇದ್ದಾರೆ. ಅದೂ ಒಳ್ಳೆಯದಲ್ಲ. ಅತಿ ಸ್ಥಿರವಾದ ರಾಕೆಟ್ ಗಾಳಿ ಬೀಸಿಬರುವ ದಿಕ್ಕಿಗೇ ಮೂತಿ ತಿರುಗಿಸಿ ಓರೆಯಾಗಿ ಓಡುತ್ತದೆ. ಗಾಳಿ ಬಂದಾಗ ತೂರಿಕೊಳ್ಳುವ ಗಾದೆ ಈ ಮೈದಾನದಲ್ಲಿ ನಡೆಯದು.

ಮೋಟರನ್ನು ಜೋಡಿಸುವುದು ಪ್ರತ್ಯೇಕ ಶಾಸ್ತ್ರ. ಹೊರಗಿನ ಅಲ್ಯೂಮಿನಿಯಂ ಕೋಶ ವರ್ಷಗಟ್ಟಲೆ ಬಾಳುತ್ತದೆ. ಪ್ರತಿ ಹಾರಾಟಕ್ಕೂ ಒಳಗಿನ ಸಾಮಾನು ಹೊಸದು: ನಡುವೆ ತೂತಿರುವ ಇಂಧನದ ತುಂಡುಗಳು, ಶಾಖ ತಡೆಯುವ ಒಳಹೊದಿಕೆ, ನಾಜಲ್, ಗ್ರೀಸ್ ಸವರಿದ ರಬ್ಬರ್ ಬಳೆಗಳು. ಬೆಂಕಿ ಹೊತ್ತುವುದು ಮೇಲ್ತುದಿಯಲ್ಲಿ. ಇಂಧನ ಒಳಗಿನ ತೂತಿನಿಂದ ಹೊರಗೋಡೆಯ ಕಡೆಗೆ ಉರಿಯುತ್ತದೆ. ರಬ್ಬರ್ ಬಳೆಯೊಂದು ತಿರುಚಿ ಕೂತರೆ ಬಿಸಿ ಅನಿಲ ಆ ಸಂದಿನಿಂದಲೇ ದಾರಿ ಹುಡುಕುತ್ತದೆ. 1986ರಲ್ಲಿ ಚಾಲೆಂಜರ್ ಸ್ಪೇಸ್ ಷಟಲ್‌ನ ಬೂಸ್ಟರಿನಲ್ಲಿ ಕೈಕೊಟ್ಟದ್ದೂ ಇಂಥ ಬಳೆಯೇ ಆದ್ದರಿಂದ ಈ ಘಟ್ಟದಲ್ಲಿ ಹವ್ಯಾಸಿಗಳು ಹರಟೆ ನಿಲ್ಲಿಸುತ್ತಾರೆ.

ಈ ಹವ್ಯಾಸದ ಎದೆಬಡಿತವೆಲ್ಲ ಇರುವುದು ಮೋಟರಿನ ತಲೆಯಲ್ಲಿರುವ ಪುಟ್ಟ ಬಿಲ್ಲೆಯಲ್ಲಿ ಎನ್ನಬೇಕು. ಅದಕ್ಕೆ ಡಿಲೇ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದೂವರೆ ಕಿಲೋ ರಾಕೆಟ್, 200 ನ್ಯೂಟನ್-ಸೆಕೆಂಡಿನ ಎಚ್ ಮೋಟರ್, ಸರಾಸರಿ ನೂಕು 100 ನ್ಯೂಟನ್. ಅಂದರೆ ಎರಡೇ ಸೆಕೆಂಡು ಉರಿದು ಮೋಟರ್ ಆರಿಹೋಗುತ್ತದೆ. ಆಗ ರಾಕೆಟ್ ಸುಮಾರು ನೂರು ಮೀಟರ್ ಎತ್ತರದಲ್ಲಿದೆ, ವೇಗ ಗಂಟೆಗೆ 360 ಕಿ.ಮೀ. ಆಸುಪಾಸು. ಉಳಿದ ಏರಿಕೆಯೆಲ್ಲ ಆ ವೇಗದ ಮೇಲೆಯೇ, ಬೆಂಕಿಯಿಲ್ಲದೆ, ಸದ್ದಿಲ್ಲದೆ. ಏಳೆಂಟು ಸೆಕೆಂಡು ಹೀಗೆ ಸಾಗಿ ತುತ್ತತುದಿ ತಲುಪಿದಾಗ ವೇಗ ಹೆಚ್ಚುಕಡಿಮೆ ಸೊನ್ನೆ. ಡಿಲೇ ಬಿಲ್ಲೆ ಉರಿದು ಮುಗಿದು, ಒಂದೆರಡು ಗ್ರಾಂ ಕರಿಮದ್ದು ಹೊತ್ತಿ, ಮೂಗನ್ನು ಕಿತ್ತು ಪ್ಯಾರಾಚೂಟನ್ನು ಹೊರದೂಡಬೇಕಾದದ್ದು ಆ ಕ್ಷಣದಲ್ಲಿ. ಎರಡು ಸೆಕೆಂಡು ಮುಂಚೆ ಆದರೆ ರಾಕೆಟ್ ಇನ್ನೂ ಮೇಲಕ್ಕೆ ಓಡುತ್ತಿದೆ. ಹಗ್ಗ ಜಗ್ಗಿ ರಟ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳುತ್ತದೆ. ಜಿಪ್ಪರ್ ಎಂದು ಅದಕ್ಕೆ ಅವರಿಟ್ಟ ಹೆಸರು. ಮೂರು ನಾಲ್ಕು ಸೆಕೆಂಡು ತಡವಾದರೆ ರಾಕೆಟ್ ಮೂತಿ ಕೆಳಗೆ ಮಾಡಿ ಇಳಿಯುವ ಓಟದಲ್ಲಿರುತ್ತದೆ. ಅಲ್ಲೂ ಜಿಪ್ಪರ್, ಅಥವಾ ಹರಿದ ಬಟ್ಟೆ. ಹೊತ್ತಲೇ ಇಲ್ಲವೋ, ನೆಲಕ್ಕೆ ನೆಟ್ಟಿತೆಂದೇ ಅರ್ಥ. ಅದು ಲಾನ್ ಡಾರ್ಟ್. ಮೋಟರೇ ಸಿಡಿದರೆ ಕೇಟೊ. ಸೋಲುಗಳಿಗೆ ಇಷ್ಟೊಂದು ಮುದ್ದು ಹೆಸರು ಇಟ್ಟುಕೊಂಡವರು ಅವನ್ನು ಸಾಕಷ್ಟು ಕಂಡಿದ್ದಾರೆಂದೇ ಹೇಳಬೇಕು.

ಹಾರಿಸಲು ಬೇಕಾದ ಬಯಲು ಎಲ್ಲ ಕಡೆ ಸಿಗದು. ಕೊಯ್ಲಾದ ಹೊಲ, ಹುಲ್ಲುಗಾವಲು, ಒಣಗಿದ ಕೆರೆಯ ತಳ. ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿ ಇವರ ಪಾಲಿಗೆ ತೀರ್ಥಕ್ಷೇತ್ರ. ಬತ್ತಿದ ಪ್ರಾಚೀನ ಸರೋವರದ ನೆಲ, ಕಣ್ಣು ಹಾಯುವಷ್ಟೂ ಚಪ್ಪಟೆ. ಬಯಲು ಸಿಕ್ಕರೆ ಸಾಲದು, ಆಕಾಶಕ್ಕೂ ಅಪ್ಪಣೆ ಬೇಕು. ವಿಮಾನಯಾನ ಇಲಾಖೆ ಇಂಥ ದಿನ, ಇಷ್ಟು ಎತ್ತರದವರೆಗೆ ಎಂದು ಬರೆದು ಕೊಟ್ಟ ಮೇಲೆಯೇ ಕಾರ್ಯಕ್ರಮ.

ಹಾರಾಟದ ದಿನ ರಾಕೆಟ್ ಹಿಡಿದು ಮೊದಲು ನಿಲ್ಲಬೇಕಾದದ್ದು ಸುರಕ್ಷಾ ಅಧಿಕಾರಿಯ ಮೇಜಿನ ಮುಂದೆ. ಆತ ಪೊಲೀಸನೂ ಅಲ್ಲ, ಸರ್ಕಾರಿ ನೌಕರನೂ ಅಲ್ಲ. ಸಂಘದ ಇನ್ನೊಬ್ಬ ಹವ್ಯಾಸಿ. ರೆಕ್ಕೆ ಹಿಡಿದು ಅಲ್ಲಾಡಿಸುತ್ತಾನೆ. ಮೂಗನ್ನು ಎಳೆದು ನೋಡುತ್ತಾನೆ. ತೀರ ಬಿಗಿಯೂ ಇರಬಾರದು, ತಾನಾಗಿ ಕಳಚಿ ಬೀಳಲೂಬಾರದು. ಸಿಜಿ ಎಲ್ಲಿ, ಸಿಪಿ ಎಲ್ಲಿ ಗುರುತು ಹಾಕಿದ್ದೀರಾ? ಮೋಟರ್ ಯಾವುದು? ತೂಕವೆಷ್ಟು? ತೂಕದ ಐದು ಪಟ್ಟಾದರೂ ನೂಕು ಇದೆಯೇ? ನಮ್ಮ ಲೆಕ್ಕದ ರಾಕೆಟ್ ತೂಗುವುದು ಸುಮಾರು 15 ನ್ಯೂಟನ್, ನೂಕು 100, ಪಾಸು. ಅವನು ಬೇಡವೆಂದರೆ ಆ ದಿನ ಅದು ಹಾರದು. ಮೇಲ್ಮನವಿಗೆ ಅವಕಾಶವೂ ಇಲ್ಲ. ಕೋರ್ಟಿನಲ್ಲಿ ಒಂಬತ್ತು ವರ್ಷ ಸರ್ಕಾರದ ಮೇಲೆ ಸೆಣಸಿದ ಜನ ಮೇಜಿನ ಹಿಂದೆ ಕೂತ ತಮ್ಮವನೊಬ್ಬನ ಮಾತಿಗೆ ತುಟಿಪಿಟಕ್ಕೆನ್ನದೆ ರಾಕೆಟ್ ವಾಪಸು ಕಾರಿಗೆ ಹಾಕುತ್ತಾರೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಸಂಗತಿ ಅದು.

ಉಳಿದದ್ದು ಬೇಗ ಮುಗಿಯುತ್ತದೆ. ರಾಕೆಟನ್ನು ಅಲ್ಯೂಮಿನಿಯಂ ಹಳಿಗೆ ತೂರಿಸಿ ನಿಲ್ಲಿಸುವುದು, ಎಲ್ಲ ಆದ ಮೇಲೆ ಕಟ್ಟಕಡೆಯದಾಗಿ ಮೋಟರಿನೊಳಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ತೂರಿಸುವುದು, ತಂತಿ ಸಿಕ್ಕಿಸಿ ದೂರ ಬರುವುದು. ಎಚ್ ಮೋಟರಿಗೆ ಕನಿಷ್ಠ ನೂರು ಅಡಿ ದೂರ, ಎಂ ಮೋಟರಿಗೆ ಐನೂರು. ಗಾಳಿ ಗಂಟೆಗೆ 20 ಮೈಲಿ ಮೀರಿದ್ದರೆ, ನೆತ್ತಿಯ ಮೇಲೆ ಮೋಡವಿದ್ದರೆ ಇಲ್ಲ. ಐದರಿಂದ ಕೆಳಗೆ ಎಣಿಕೆ. ಗುಂಡಿ ಒತ್ತಿದರೂ ಹೊತ್ತದಿದ್ದರೆ ಒಂದು ನಿಮಿಷ ಯಾರೂ ಹತ್ತಿರ ಸುಳಿಯುವಂತಿಲ್ಲ. ಹೊತ್ತಿದರೆ, ಕಣ್ಣು ಹಿಂಬಾಲಿಸುವ ಮೊದಲೇ ಹಳಿ ಖಾಲಿ.

ಪರೀಕ್ಷೆ ಶುರುವಾಗುವುದು ಆಮೇಲೆ. ಮೊದಲ ಹಂತದ ಪ್ರಮಾಣಪತ್ರಕ್ಕೆ ಲಿಖಿತ ಪ್ರಶ್ನೆಪತ್ರಿಕೆಯಿಲ್ಲ, ಎತ್ತರದ ಗುರಿಯಿಲ್ಲ. ನೂರು ಮೀಟರ್ ಏರಿದರೂ ಸರಿ, ಸಾವಿರ ಏರಿದರೂ ಸರಿ. ಸ್ವಂತ ಕೈಯಿಂದ ಕಟ್ಟಿದ ರಾಕೆಟ್ ಪ್ಯಾರಾಚೂಟ್ ಬಿಚ್ಚಿ ಇಳಿಯಬೇಕು. ಅದನ್ನು ಹುಡುಕಿ ತಂದು ಪರೀಕ್ಷಕನ ಕೈಗೆ ಕೊಡಬೇಕು. ಹೊಸ ಮೋಟರ್ ಹಾಕಿದರೆ ಮತ್ತೆ ಹಾರುವ ಸ್ಥಿತಿಯಲ್ಲಿರಬೇಕು. ರೆಕ್ಕೆ ಮುರಿದಿದ್ದರೆ, ಜಿಪ್ಪರ್ ಆಗಿದ್ದರೆ, ಕೊಳವೆ ಜಜ್ಜಿದ್ದರೆ ನಪಾಸು. ಮರದ ತುದಿಯಲ್ಲಿ ಸಿಕ್ಕಿಕೊಂಡು ತರಲಾಗದಿದ್ದರೂ ನಪಾಸೇ. ವಿದ್ಯುತ್ ತಂತಿಗೆ ನೇತುಬಿದ್ದದ್ದನ್ನು ತೆಗೆಯಲು ಹೋಗುವುದಂತೂ ನಿಷಿದ್ಧ. ಜಗತ್ತಿನ ದೊಡ್ಡ ದೊಡ್ಡ ಬಾಹ್ಯಾಕಾಶ ಸಂಸ್ಥೆಗಳು ಬೂಸ್ಟರುಗಳನ್ನು ಸಮುದ್ರಕ್ಕೆ ಚೆಲ್ಲುವುದೇ ವಾಡಿಕೆಯಾಗಿದ್ದ ದಶಕಗಳಲ್ಲಿ ಈ ಹವ್ಯಾಸಿಗಳು ಮರಳಿ ಬಾರದ ರಾಕೆಟ್‌ಗೆ ಅಂಕ ಕೊಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎತ್ತರ ಹೆಚ್ಚಿದಂತೆ ಇಳಿಸುವ ಕಷ್ಟ ಬೇರೆ ರೂಪ ತಾಳುತ್ತದೆ. ಸಾವಿರ ಮೀಟರ್ ಮೇಲೆ ದೊಡ್ಡ ಪ್ಯಾರಾಚೂಟ್ ಬಿಚ್ಚಿದರೆ ರಾಕೆಟ್ ಸೆಕೆಂಡಿಗೆ ಆರು ಮೀಟರಿನಂತೆ ನಿಧಾನವಾಗಿ ಇಳಿಯುತ್ತದೆ. ಸೆಕೆಂಡಿಗೆ ಐದು ಮೀಟರಿನ ಸಾಧಾರಣ ಗಾಳಿಯಿದ್ದರೂ ನೆಲ ಮುಟ್ಟುವಷ್ಟರಲ್ಲಿ ಅದು ಎಂಟುನೂರು ಮೀಟರಿಗೂ ದೂರ ತೇಲಿರುತ್ತದೆ: ಯಾರದೋ ಜೋಳದ ಹೊಲ, ಯಾರದೋ ಬೇಲಿಯಾಚೆ. ಹೀಗಾಗಿ ಎರಡು ಹಂತದ ಇಳಿಕೆ. ವಾಯುಭಾರ ಅಳೆದು ಎತ್ತರ ತಿಳಿಯುವ ಪುಟ್ಟ ಆಲ್ಟಿಮೀಟರ್ ತುತ್ತತುದಿಯಲ್ಲಿ ಸಣ್ಣ ಪ್ಯಾರಾಚೂಟ್ ಬಿಚ್ಚಿಸುತ್ತದೆ. ಸೆಕೆಂಡಿಗೆ ಇಪ್ಪತ್ತು ಮೀಟರಿನಂತೆ ಧಡಧಡ ಇಳಿದು, ನೆಲ ಇನ್ನೂರು ಮೀಟರ್ ಇದೆ ಎನ್ನುವಾಗ ದೊಡ್ಡದನ್ನು ಬಿಚ್ಚಿಸುತ್ತದೆ. ಅದೇ ಗಾಳಿಯಲ್ಲಿ ಈಗ ತೇಲುವುದು ನಾನೂರು ಮೀಟರಿಗೂ ಕಡಿಮೆ. ಮೂರನೆಯ ಹಂತದ ಪರೀಕ್ಷೆಯಲ್ಲಿ ಈ ಎಲೆಕ್ಟ್ರಾನಿಕ್ ವ್ಯವಸ್ಥೆ ಒಂದಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಇರಬೇಕು. ಬ್ಯಾಟರಿಯೂ ಬೇರೆ ಬೇರೆ.

ಈ ದಾರಿಯಲ್ಲಿ ಬಹಳ ದೂರ ಹೋದವರಿದ್ದಾರೆ. 2004ರ ಮೇ ತಿಂಗಳಲ್ಲಿ ಸಿವಿಲಿಯನ್ ಸ್ಪೇಸ್ ಎಕ್ಸ್‌ಪ್ಲೊರೇಷನ್ ಟೀಮ್ ಎಂಬ ಹವ್ಯಾಸಿ ತಂಡದ ರಾಕೆಟ್ ಬ್ಲ್ಯಾಕ್ ರಾಕ್‌ನಿಂದ ನೂರು ಕಿ.ಮೀ. ಮೀರಿ ಬಾಹ್ಯಾಕಾಶ ಮುಟ್ಟಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2019ರಲ್ಲಿ ಅದೇ ಗಡಿ ದಾಟಿದರು, 2024ರಲ್ಲಿ ಇನ್ನೊಂದು ರಾಕೆಟ್‌ನಿಂದ 143 ಕಿ.ಮೀ. ಏರಿದರು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆ ಸಾಹಸ. ಓಹಾಯೊದ ಸ್ಟೀವ್ ಈವ್ಸ್ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5 ರಾಕೆಟ್‌ನ ಹತ್ತನೇ ಒಂದರಷ್ಟು ಗಾತ್ರದ ಪ್ರತಿಕೃತಿ ಕಟ್ಟಿದ: 36 ಅಡಿ ಎತ್ತರ, 750 ಕಿಲೋ ಹತ್ತಿರ ತೂಕ. 2009ರ ಏಪ್ರಿಲ್ 25ರಂದು, ವಾಲ್ಟನ್ ತೀರ್ಪು ಬಂದ ಮರುತಿಂಗಳೇ, ಮೇರಿಲ್ಯಾಂಡಿನ ಹೊಲವೊಂದರಲ್ಲಿ ಒಂಬತ್ತು ಮೋಟರುಗಳು ಒಟ್ಟಿಗೆ ಹೊತ್ತಿದವು. ಏರಿದ್ದು 4,440 ಅಡಿ ಮಾತ್ರ. ಪ್ಯಾರಾಚೂಟ್‌ಗಳೆಲ್ಲ ಬಿಚ್ಚಿದವು, ಅದು ನೆಟ್ಟಗೆ ಮರಳಿತು.

ನಮ್ಮಲ್ಲಿ? ಎಚ್ ಮೋಟರ್ ಬೆಂಗಳೂರಿನ ಯಾವ ಅಂಗಡಿಯಲ್ಲೂ ಕೇಳಿದ ಕೂಡಲೇ ಸಿಗುವ ಸರಕಲ್ಲ. ಸ್ಫೋಟಕ ಕಾಯ್ದೆ ಬಿಗಿಯಾಗಿದೆ. ಮನೆಯಲ್ಲೇ ಮದ್ದು ಬೆರೆಸುತ್ತೇನೆ ಎನ್ನುವುದು ಕಾನೂನಿಗೂ ವಿರುದ್ಧ, 1957ರ ನೆಲಮಾಳಿಗೆಗೆ ಮರಳುವ ದಾರಿಯೂ ಹೌದು. ಈಚೆಗೆ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳಿಗೆ ಮಾದರಿ ರಾಕೆಟ್ ಸ್ಪರ್ಧೆ ನಡೆಸತೊಡಗಿದೆ. ಆಸಕ್ತಿಯಿದ್ದವರಿಗೆ ಅದೊಂದು ಬಾಗಿಲು. ಬೆಂಕಿಯ ಗೊಡವೆಯೇ ಬೇಡದ ಇನ್ನೊಂದು ದಾರಿಯೂ ಇದೆ. ಫಿನ್ಲೆಂಡಿನ ಸಾಂಪೊ ನಿಸ್ಕನೆನ್ ಎಂಬ ವಿದ್ಯಾರ್ಥಿ 2009ರ ಸುಮಾರಿಗೆ ಸ್ನಾತಕೋತ್ತರ ಪ್ರಬಂಧಕ್ಕಾಗಿ ಬರೆದ ಓಪನ್‌ರಾಕೆಟ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕೊಳವೆಯ ಉದ್ದ, ರೆಕ್ಕೆಯ ಆಕಾರ, ಮೋಟರಿನ ಹೆಸರು ತುಂಬಿದರೆ ಸಿಜಿ, ಸಿಪಿ, ಎತ್ತರ, ತುತ್ತತುದಿ ತಲುಪುವ ಸೆಕೆಂಡು ಎಲ್ಲ ಹೇಳುತ್ತದೆ. ಅದರಲ್ಲಿ ರಾಕೆಟೊಂದನ್ನು ಕಟ್ಟಿ, ಗಾಳಿಯ ವೇಗ ಏರಿಸುತ್ತ, ಡಿಲೇಯನ್ನು ಒಂದೊಂದೇ ಸೆಕೆಂಡು ಆಚೀಚೆ ಮಾಡುತ್ತ, ಪ್ಯಾರಾಚೂಟ್ ಬಿಚ್ಚುವ ಹೊತ್ತಿಗೆ ವೇಗ ಎಷ್ಟಿರುತ್ತದೆ ಎಂಬ ಕಾಲಮ್ಮಿನ ಮೇಲೆ ಕಣ್ಣಿಡಿ. ಏರಿದ ಎತ್ತರದ ಕಾಲಮ್ ಅದರ ಪಕ್ಕದಲ್ಲೇ ಎಲ್ಲೋ ಇರುತ್ತದೆ.